ತಾಮ್ರದ ರಿಂಗ್

ಹಾಸ್ಟೆಲ್, ರೂಮ್ ನಂಬರ್ 27
ಸೋಮವಾರ, ಮಾರ್ಚ್ 11

ಪ್ರೀತಿಯ ಅಪ್ಪಾ,

ಬೆನ್ನುನೋವು ಕಡಿಮೆಯಾಯಿತಾ? ಕೆಲಸದ ಊರಿನ ಕ್ವಾರ್ಟರ್ಸಿನಲ್ಲಿ ನಿದ್ದೆ ಬರುತ್ತಾ? ನಾನು ಚೆನ್ನಾಗಿದ್ದೇನೆ, ಅಂದರೆ ಸುಸ್ತಾಗಿದ್ದೇನೆ. ನಾಳೆ ಇಂಟರ್ನಲ್ಸ್, ಓದಿದ್ದೊಂದೂ ತಲೆಯಲ್ಲಿ ನಿಂತಿಲ್ಲ, ಸಿಕ್ಕಾಪಟ್ಟೆ ಟೆನ್ಷನ್. ಕನ್ನಡ ತಪ್ಪಿದ್ದರೆ ಸಾರಿ, ಹತ್ತು ವರ್ಷ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್ ಅನ್ನ ತಿಂದವಳು.

ನನ್ನ ಬೈಕು ಮಾರಿಬಿಡಿ ಎಂದು ನೀನು ಬರೆದದ್ದನ್ನು ಅಮ್ಮ ಫೋನಿನಲ್ಲಿ ಓದಿ ಹೇಳಿದಳು. ನೋಡಲು ಜನ ಬರುತ್ತಾರೆ, ಚೊಕ್ಕ ಮಾಡಿಕೊಡು ಎಂದಳು. ಹೋದ ವಾರ ಊರಿಗೆ ಹೋಗಿ ಸೈಲೆನ್ಸರ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಕೂರಿಸಿದೆ. ಆಮೇಲೆ ಶುರುವಾಯಿತು ನೋಡು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಢಂ, ಢಂ! ಪಕ್ಕದ ಮನೆ ಅಜ್ಜಿ ಕೈಲಿದ್ದ ಬಕೆಟ್ ಬಿಟ್ಟರು. ಪ್ಲಗ್ ಬದಲಿಸಿದೆ, ಕಾರ್ಬುರೇಟರ್ ತೊಳೆದೆ, ಅದರ ಸ್ಕ್ರೂ ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸಿದೆ. ಉಗುರೆಲ್ಲ ಕಪ್ಪಾಯಿತೇ ಹೊರತು ಢಂ ಹೋಗಲಿಲ್ಲ.

ಮೊನ್ನೆ ಶನಿವಾರ ನಿನ್ನ ಹಳೇ ಮೆಕ್ಯಾನಿಕ್ ಮಾಮನ ಹತ್ತಿರ ತಳ್ಳಿಕೊಂಡು ಹೋದೆ. ಅವರು ಏನನ್ನೂ ಬಿಚ್ಚಲಿಲ್ಲ. ಇಂಜಿನ್ನಿಗೆ ಸೈಲೆನ್ಸರ್ ಪೈಪು ಸೇರುವ ಕಡೆ ಸೋಪಿನ ನೀರು ಹಚ್ಚಿ ಕಿಕ್ ಹೊಡೆದರು. ಬುರುಬುರು ನೊರೆ. "ಇಲ್ಲಿ ಸಂದಿ ಇದೆ. ಗಾಳಿ ಒಳಗೆ ನುಗ್ಗಿ, ಉರೀದೆ ಉಳಿದ ಪೆಟ್ರೋಲು ಪೈಪಲ್ಲೇ ಸಿಡಿಯುತ್ತೆ. ಇಲ್ಲಿದ್ದ ತಾಮ್ರದ ರಿಂಗ್ ಎಲ್ಲಿ, ಇಂಜಿನಿಯರಮ್ಮಾ?" ಅಂದರು. ಕಪ್ಪಗೆ ಚಪ್ಪಟೆಯಾಗಿದೆ ಅಂತ ಕಸಕ್ಕೆ ಎಸೆದಿದ್ದೆ! "ಅಯ್ಯೋ, ನಿಮ್ಮಪ್ಪ ಅದನ್ನೇ ಕಾಯಿಸಿ ಕಾಯಿಸಿ ಎಷ್ಟು ವರ್ಷ ಓಡಿಸಿದ!" ಎಂದು ನಕ್ಕು ಹೊಸದು ಕೊಟ್ಟರು. ಆಗ ನೆನಪಾಯಿತು. ನೀನು ಇಕ್ಕಳದಲ್ಲಿ ಹಿಡಿದು, ಒಲೆ ಮೇಲೆ ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ಮೆತ್ತಗೆ ಮಾಡುತ್ತಿದ್ದೆ. "ಇದೇನು ಅಡುಗೆಮನೇನಾ, ಗ್ಯಾರೇಜಾ?" ಅಂತ ಅಮ್ಮ ರೇಗುತ್ತಿದ್ದಳು. ಹೊಸ ರಿಂಗನ್ನು ನಾನೂ ಹಾಗೇ ಕಾಯಿಸಿದೆ. ಅಮ್ಮ ಈ ಸಲ ಬೈಯಲಿಲ್ಲ. ಉರಿ ಆರಿಸಿದ ಮೇಲೂ ಒಲೆ ಪಕ್ಕದಲ್ಲೇ ನಿಂತಿದ್ದಳು. ರಿಂಗ್ ಕೂರಿಸಿದೆ, ಢಂ ನಿಂತಿತು.

ಬೆನ್ನಿಗೆ ಬಿಸಿನೀರಿನ ಶಾಖ ಬಿಡಬೇಡ. ನನ್ನ ಪರೀಕ್ಷೆಗೆ ಅಲ್ಲಿಂದಲೇ ಒಂದು ಆಶೀರ್ವಾದ ಕಳಿಸು.

ನಿನ್ನ,
ಗಡಿಬಿಡಿ

ತಾ.ಕ.: ನಿನ್ನೆ ಕೊಳ್ಳುವವರು ಬರುವ ಮುಂಚೆ ರಿಂಗ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅವರು ಇಳಿಜಾರಿಗೆ ಒಂದು ರೌಂಡ್ ಹೋಗಿ, ಢಂ ಢಂ ಅನ್ನಿಸಿಕೊಂಡು ಬಂದು, ಬೇಡ ಎಂದು ಹೋದರು. ಅಮ್ಮ ನನ್ನ ಕಪ್ಪು ಕೈ ನೋಡಿ, ಸೋಪು ತಂದುಕೊಟ್ಟಳು. ಒಂದೇ ವರ್ಷ ಅಂತ ಹೋದವನು ನೀನು, ಎರಡಾಯಿತು. ವಾಪಸ್ ಬರುವವರು ಯಾರಾದರೂ ಬೈಕ್ ಮಾರಿಸುತ್ತಾರಾ ಅಪ್ಪಾ? ರಿಂಗ್ ಇದೇ ಲಕೋಟೆಯಲ್ಲಿದೆ. ನೀನೇ ಬಂದು ಹಾಕು.