ಸ್ನಾನದ ಸರದಿಯ ಸೈಟು

ಅಕ್ಟೋಬರ್ ೧೪, ಮಂಗಳವಾರ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಹಾಸ್ಟೆಲ್ ಹುಡುಗರಿಗೆಂದು ಬರೆದ ಸ್ನಾನದ ಸರದಿಯ ವೆಬ್‌ಸೈಟನ್ನು ಮುಚ್ಚಲು ವಾರದಿಂದ ಕೈ ಬಂದಿರಲಿಲ್ಲ. ಕೋಡ್ ಓದಿದರೆ ನನಗೇ ನಾಚಿಕೆ. ಎಲ್ಲರ ಪಾಸ್‌ವರ್ಡೂ ಯಾರು ಬೇಕಾದರೂ ನೋಡುವಂತೆ ಬಿದ್ದಿದೆ. ಆದರೆ ಈಗಲೂ ದಿನವೂ ಯಾರೋ ಅದನ್ನು ತೆರೆಯುತ್ತಿರುವುದು ಸೈಟಿನ ಲೆಕ್ಕದಲ್ಲಿ ಕಾಣುತ್ತಿತ್ತು. ಮುಚ್ಚಿದರೆ ಪಾಪ, ಪರದಾಡುತ್ತಾರೇನೋ ಎಂದು ಸಂಜೆ ಅಲ್ಲಿನ ಜೂನಿಯರ್‌ಗೆ ಫೋನ್ ಮಾಡಿದೆ.

"ಅದಾ ಅಣ್ಣ? ನೀವು ಹೋದ್ಮೇಲೆ ಯಾರೂ ನೋಡೇ ಇಲ್ಲ. ಯಾರ ಬಕೆಟ್ ಮುಂದಿರುತ್ತೋ ಅವ್ರೇ ಫಸ್ಟ್."

ಹಾಗಾದರೆ ತೆರೆಯುತ್ತಿದ್ದವರು ಯಾರು? ಹುಡುಕಿದರೆ, ಯಾರೂ ತೆರೆಯದಿದ್ದರೆ ಸೈಟ್ ನಿದ್ದೆ ಹೋಗುತ್ತದೆಂದು, ದಿನವೂ ಅದನ್ನು ತಾನೇ ತೆರೆಯುವಂತೆ ಆಗ ನಾನೇ ಬರೆದಿಟ್ಟ ಇನ್ನೊಂದು ಪುಟ್ಟ ಪ್ರೋಗ್ರಾಂ. ಖಾಲಿ ಮನೆಯ ಬಾಗಿಲನ್ನು ಇಷ್ಟು ದಿನ ಅದೊಂದೇ ತಟ್ಟುತ್ತಿತ್ತು. ಎರಡನ್ನೂ ಅಳಿಸಿದೆ. ಯಾರಿಗೂ ತೊಂದರೆಯಾಗಲಿಲ್ಲ, ಸಮಾಧಾನ. ಆದರೂ ಯಾವನಾದರೂ ಒಬ್ಬ ಫೋನ್ ಮಾಡಿ ಬೈದಿದ್ದರೆ…