ನಿರ್ಜನ ತೀರದ ಜನ

ಅಣ್ಣಾ,

ಕಚೇರಿಯಲ್ಲಿ ನೀನು ಮುಖ್ಯಸ್ಥ, ನಾನು ನಕ್ಷೆಗಳ ಅಕ್ಷರ ತಿದ್ದುವವಳು. ಅಲ್ಲಿ ನಿನ್ನನ್ನು ‘ಸರ್’ ಎಂದೇ ಕರೆಯುತ್ತೇನೆ. ಈ ಪತ್ರದಲ್ಲಿ ಆ ಮರ್ಯಾದೆ ನಿರೀಕ್ಷಿಸಬೇಡ.

ಕರಾವಳಿಯ ಹೊಸ ನಕ್ಷೆಯ ಕರಡು ನಿನ್ನೆ ನನ್ನ ಮೇಜಿಗೆ ಬಂತು. ನಾವಿಬ್ಬರೂ ಹುಟ್ಟಿ ಬೆಳೆದ ಮರಳಿನ ಪಟ್ಟಿಯ ಮೇಲೆ ‘ನಿರ್ಜನ ತೀರ’ ಎಂದು ಬರೆಸಿದ್ದೀಯ. ಅಲ್ಲಿನವರ ಬಾಯಲ್ಲಿ ಅದು ‘ಒಲೆಗಳ ದಂಡೆ’. ನಿನ್ನ ಅಳತೆಯವರು ಅಲ್ಲಿಗೆ ಹೋದದ್ದು ಬಿರುಗಾಳಿಯ ತಿಂಗಳಲ್ಲಿ. ಆಗ ನಮ್ಮವರು ಮನೆಯ ಹಲಗೆಗಳನ್ನೆಲ್ಲ ಬಿಚ್ಚಿ, ದೋಣಿಗೆ ಹೇರಿಕೊಂಡು, ಒಳನಾಡಿನ ನೆಂಟರ ಮನೆ ಸೇರಿರುತ್ತಾರೆ. ದಂಡೆಯಲ್ಲಿ ಉಳಿಯುವುದು ಒಲೆಯ ಕಲ್ಲುಗಳಷ್ಟೇ. ಗಾಳಿ ಇಳಿದ ಮೇಲೆ ಬಂದು, ಅವರವರ ಒಲೆಯ ಸುತ್ತ ಅವರವರ ಮನೆ ಮತ್ತೆ ಕಟ್ಟಿಕೊಳ್ಳುತ್ತಾರೆ. ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ವರ್ಷಾ ವರ್ಷಾ ಹಲಗೆ ಹೊತ್ತು ಹೆಗಲು ತರಚಿಸಿಕೊಂಡ ನಿನಗೂ ಮರೆತುಹೋಯಿತೇ? ಮನೆಮಂದಿಯೆಲ್ಲ ಮದುವೆಗೆ ಹೋದಾಗ ಬಂದು ಬಾಗಿಲು ತಟ್ಟಿ, ಇದು ಪಾಳುಮನೆ ಎಂದು ಬರೆದುಕೊಂಡು ಹೋದ ಹಾಗಾಯಿತು.

ನಿನ್ನ ಕೋಣೆಗೆ ಬಂದು ಹೇಳಿದೆ. ನೀನು ಕನ್ನಡಕ ಒರೆಸುತ್ತಾ, “ಒಂದು ಪದಕ್ಕೆ ಇಷ್ಟು ರಂಪ ಯಾಕೆ? ಒಲೆಗಳ ದಂಡೆ ಅಂತ ಬರೆದ್ರೆ ಮೇಲಿನವರು ನಗ್ತಾರೆ ಕಣೇ” ಎಂದೆ. ನಗಲಿ ಬಿಡು, ಹಲ್ಲೇನೂ ಸವೆಯುವುದಿಲ್ಲ. ಬಂದರು ಕಟ್ಟುವವರು ಈ ನಕ್ಷೆಗೇ ಕಾದು ಕೂತಿದ್ದಾರೆಂದು ನಮ್ಮ ಜವಾನನಿಗೂ ಗೊತ್ತು. ಜನವೇ ಇಲ್ಲದ ಜಾಗದಲ್ಲಿ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿಲ್ಲ, ಯಾರಿಗೂ ಬದಲಿ ಜಾಗ ಕೊಡಬೇಕಾಗಿಲ್ಲ. ನಿನಗೆ ತಿಳಿಯದೆ ಆದ ತಪ್ಪಾಗಿದ್ದರೆ ಸುಮ್ಮನೆ ತಿದ್ದಿ ಕಳಿಸುತ್ತಿದ್ದೆ. ತಿಳಿದೂ ಹಾಗೆ ಬರೆಸಿದ್ದೀಯಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಅಮ್ಮ ಮೊನ್ನೆಯಷ್ಟೇ ದಂಡೆಗೆ ಮರಳಿದ್ದಾಳೆ. ಫೋನಿನಲ್ಲಿ ವಿಷಯ ತಿಳಿಸಿದೆ. “ಇಲ್ಲಿ ಯಾರೂ ಇಲ್ಲ ಅಂತ ಬರೆದಿದ್ದಾನಾ? ಹಾಗಾದ್ರೆ ಅವನನ್ನ ಹೆತ್ತೋರು ಯಾರಂತೆ?” ಎಂದು ನಕ್ಕಳು. ಆಮೇಲೆ ಫೋನನ್ನು ಒಲೆಯ ಕಲ್ಲಿನ ಮೇಲಿಟ್ಟು ಹಲಗೆಗೆ ಮೊಳೆ ಹೊಡೆಯತೊಡಗಿದಳು. ನೀನು ಕೇಳಿಸಿಕೊಳ್ಳಬೇಕಾಗಿದ್ದದ್ದು ಆ ಸದ್ದನ್ನು.

ನನ್ನ ಸಹಿ ಬೀಳದೆ ಕರಡು ಅಚ್ಚಿಗೆ ಹೋಗುವುದಿಲ್ಲ. ನಾನು ಸಹಿ ಹಾಕುವುದಿಲ್ಲ. ನಿನ್ನ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದು, ನಮ್ಮ ಹೆಸರು ಬರೆದು, ನಿನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದರೆ ನನ್ನನ್ನು ಎತ್ತಂಗಡಿ ಮಾಡಿ ಬೇರೆಯವರ ಕೈಲಿ ಸಹಿ ಹಾಕಿಸು. ಆದರೆ ನನ್ನ ಮುಖ ನೋಡಿ ಮಾಡು, ಜವಾನನ ಕೈಲಿ ಚೀಟಿ ಕಳಿಸಬೇಡ.

ರಜೆ ಹಾಕಿ ಅಮ್ಮನ ಹತ್ತಿರ ಹೊರಟಿದ್ದೇನೆ. ಹಲಗೆ ಹೊಡೆಯಲು ಅವಳಿಗೆ ಇನ್ನೊಂದು ಕೈ ಬೇಕು. ಅವಳು ನಿನ್ನ ಮೇಲೆ ಸಿಟ್ಟಾಗಿಲ್ಲ, ಆ ಕೆಲಸ ನನಗೆ ಬಿಟ್ಟಿದ್ದಾಳೆ. “ನನ್ನ ಮಗ ನೂರು ಕಾಲ ಚೆನ್ನಾಗಿರಲಿ ಅಂತ ಬರಿ” ಎಂದಳು, ಬರೆದಿದ್ದೇನೆ. ಯಾರೂ ಇಲ್ಲದ ಜಾಗದಿಂದ ಬಂದ ಆಶೀರ್ವಾದ ಇದು. ತಗೊಳ್ಳುವ ಧೈರ್ಯವಿದ್ದರೆ ತಗೋ.

ಇಂತಿ,
ಒಲೆಗಳ ದಂಡೆಯವಳು,
ನಿನ್ನ ತಂಗಿ