ಎರಡು ಬೆರಳಿನ ನಮಸ್ಕಾರ

ಮಾನ್ಮತ್ ಜಂಕ್ಷನ್, ನ್ಯೂಜೆರ್ಸಿ
೧೭-೫-೨೦೦೯, ಭಾನುವಾರ

ನಮ್ಮ ಮನೆಯ ಯಜಮಾನರಿಗೆ, ಸಮುದ್ರದ ಈಚೆ ದಡದಿಂದ ನಿಮ್ಮ ಶಿವಗಂಗಮ್ಮನ ಶರಣು.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಿ ಎಂದು ಹೇಳಿ ಬಂದಿದ್ದೆ. ಹಾಕಿಕೊಳ್ಳುತ್ತಿಲ್ಲ ಎನ್ನುವುದು ಇಲ್ಲಿಂದಲೇ ಗೊತ್ತು. ಸೊಸೆ ಗುರುಸಿದ್ದಮ್ಮ ಮುದ್ದೆಯನ್ನು ತೀರಾ ಮೆತ್ತಗೆ ಮಾಡುತ್ತಾಳೆಂದು ಫೋನಿನಲ್ಲಿ ದೂರಿದಿರಂತೆ. ಹಲ್ಲಿಲ್ಲದವರಿಗೆ ಮೆತ್ತಗಲ್ಲದೆ ಗುಂಡುಕಲ್ಲಿನ ಹಾಗೆ ಮಾಡಬೇಕಿತ್ತೇ? ಆ ಹುಡುಗಿಯನ್ನು ಗೋಳು ಹೊಯ್ದುಕೊಳ್ಳಬೇಡಿ. ಗೋಳು ಹೊಯ್ದುಕೊಳ್ಳಲೇಬೇಕು ಎನಿಸಿದರೆ ನಾನು ಬರುವ ತನಕ ತಡೆದುಕೊಳ್ಳಿ, ನನಗೆ ಅಭ್ಯಾಸವಿದೆ. ನನ್ನ ಆರೋಗ್ಯ ಚೆನ್ನಾಗಿದೆ. ಚಳಿ ಬಿಟ್ಟಿದೆ. ಇಲ್ಲಿಯ ಮರಗಳಿಗೆ ತಾಳ್ಮೆ ಕಡಿಮೆ, ಎಲೆ ಚಿಗುರುವುದಕ್ಕೆ ಮುಂಚೆಯೇ ಹೂ ಬಿಟ್ಟು ಕೂತಿದ್ದವು. ಮಗಳೂ ಮೊಮ್ಮಗಳೂ ಕ್ಷೇಮ. ಮೂರನೇ ಕ್ಲಾಸು ಓದಿದವಳ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ನಗಬೇಡಿ, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ. ಗಟ್ಟಿಯಾಗಿ ಓದಬೇಡಿ. ಇದು ನಿಮಗೆ ಮಾತ್ರ.

ನೀವು ನನ್ನನ್ನು ಇಲ್ಲಿಗೆ ಕಳಿಸಿದ್ದು ಯಾತಕ್ಕೆ ಎನ್ನುವುದನ್ನು ನಾನು ಮರೆತಿಲ್ಲ. ಅಳಿಯ ಸುಧಾಕರ ತೀರಿಕೊಂಡು ಬರುವ ಶ್ರಾವಣಕ್ಕೆ ಎರಡು ವರ್ಷ. ಸರೋಜಿನಿ ಒಂಟಿ ಹೆಂಗಸು, ಜೊತೆಗೆ ಓದುವ ಮಗಳು ಅನುಷ್ಕಾ, ಆ ದೇಶದಲ್ಲಿ ಬ್ಯಾಂಕುಗಳೇ ಬಾಗಿಲು ಹಾಕುತ್ತಿವೆಯಂತೆ, ಹೋಗಿ ಇಬ್ಬರನ್ನೂ ಕರೆದುಕೊಂಡು ಬಾ ಎಂದಿರಿ. ನಮ್ಮ ಮಗ ಈಶಣ್ಣ ಅಕ್ಕನಿಗೆಂದು ಮಹಡಿಯ ಮೇಲೆ ರೂಮು ಕಟ್ಟಿಸಿ ಸುಣ್ಣವನ್ನೂ ಬಳಿಸಿದ. ಸರೋಜಿನಿ ಫೋನಿನಲ್ಲಿ 'ಆಯ್ತಪ್ಪಾ' ಎಂದಳು. ಹುಟ್ಟಿದಾಗಿನಿಂದ ನಿಮ್ಮ ಮಾತಿಗೆ ಅವಳು ಬೇರೆ ಉತ್ತರ ಕೊಟ್ಟವಳಲ್ಲ. ಅನುಷ್ಕಾಳ ಶಾಲೆ ಮುಗಿದ ಮೇಲೆ, ಜೂನ್ ಕೊನೆಗೆ, ಮೂವರೂ ಹೊರಡುವುದೆಂದು ಮಾತಾಗಿದೆ. ಅದಿರಲಿ. ಜೀವಮಾನವೆಲ್ಲ ತಿಪಟೂರು ಹುಳಿಯಾರು ರಸ್ತೆಯಲ್ಲಿ ಬಸ್ಸು ಓಡಿಸಿದವರು ನೀವು, ನಿಮಗೆ ಇಲ್ಲಿಯ ರಸ್ತೆಯ ಸಮಾಚಾರವನ್ನೇ ಬರೆಯುತ್ತೇನೆ.

ಸುಧಾಕರ ಇರುವ ತನಕ ನಿಮ್ಮ ಮಗಳು ಸ್ಟೀರಿಂಗ್ ಮುಟ್ಟಿದವಳಲ್ಲ. ಎಲ್ಲಿಗೆ ಹೋಗಬೇಕಾದರೂ ಅವನೇ. ಅವನು ಹೋದ ಮೇಲೆ ಕಾರು ಎಷ್ಟೋ ತಿಂಗಳು ಗ್ಯಾರೇಜಿನಲ್ಲಿ ಮುಸುಕು ಹೊದ್ದುಕೊಂಡಿತ್ತಂತೆ. ಇಲ್ಲಿ ಕಾರಿಲ್ಲದವರು ಕಾಲಿಲ್ಲದವರ ಹಾಗೆ. ಕೊನೆಗೆ ಕಲಿತು ಲೈಸೆನ್ಸ್ ತೆಗೆದುಕೊಂಡಳು. ನಾನು ಜನವರಿಯಲ್ಲಿ ಬಂದಾಗ ಓಡಿಸುತ್ತಿದ್ದಳು ನಿಜ, ಆದರೆ ಹೇಗೆ ಅಂತೀರಿ? ತುಂಬಿದ ಕೊಡ ತಲೆಯ ಮೇಲೆ ಹೊತ್ತವಳ ಹಾಗೆ, ಕತ್ತು ಅತ್ತ ಇತ್ತ ತಿರುಗಿಸದೆ, ಉಸಿರು ಹಿಡಿದುಕೊಂಡು. ಪಕ್ಕದ ಸೀಟಿನಲ್ಲಿ ನಾನು, ಶಿವ ಶಿವಾ ಎಂದುಕೊಂಡು. ಬೆಳಿಗ್ಗೆ ಅನುಷ್ಕಾ ಸ್ಕೂಲ್ ಬಸ್ಸು ಹತ್ತಿದ ಮೇಲೆ ನಾವಿಬ್ಬರೂ ಹೊರಡುತ್ತೇವೆ. ಔಷಧಿ ಕಂಪನಿಯ ಲ್ಯಾಬಿಗೆ ಹೋಗುವ ದಾರಿಯಲ್ಲಿ ಅವಳು ನನ್ನನ್ನು ಮುದುಕರು ಸೇರುವ ಒಂದು ಹಾಲ್‌ನಲ್ಲಿ ಇಳಿಸುತ್ತಾಳೆ, ಸಂಜೆ ಬಂದು ಕರೆದುಕೊಳ್ಳುತ್ತಾಳೆ.

ಮೊದಲು ನಮ್ಮ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ವುಡ್‌ಬ್ರಿಡ್ಜ್ ಕಡೆ ನಮ್ಮವರ ಅಂಗಡಿಗಳ ಸಾಲಿದೆ, ಹುರುಳಿಕಾಳಿನಿಂದ ಹಿಡಿದು ಹಲಸಿನ ಹಪ್ಪಳದ ತನಕ ಎಲ್ಲವೂ ಸಿಗುತ್ತದೆ. ಫೆಬ್ರವರಿಯ ಒಂದು ಶನಿವಾರ ಮೂವರೂ ಹೋಗಿದ್ದೆವು. ಸಾಮಾನು ತುಂಬಿಕೊಂಡು ಅಂಗಡಿಯ ಅಂಗಳದಿಂದ ರಸ್ತೆಗೆ ಬಂದು ಎಡಕ್ಕೆ ತಿರುಗಬೇಕು. ಇಲ್ಲಿ ಎಲ್ಲವೂ ನಮ್ಮ ಕಡೆಗೆ ತಿರುವುಮುರುವು, ಎಡಕ್ಕೆ ತಿರುಗುವುದೆಂದರೆ ಎದುರು ಬರುವ ಗಾಡಿಗಳನ್ನು ದಾಟಿ ಹೋಗಬೇಕು. ಅಷ್ಟರಲ್ಲಿ ಒಂದು ದೊಡ್ಡ ಲಾರಿ ಬಂತು. ಬಂದು, ಲೈಟನ್ನು ಎರಡು ಸಲ ಮಿಂಚಿಸಿತು. ನಿಮ್ಮ ಮಗಳು ಗಕ್ಕನೆ ಬ್ರೇಕು ಹಾಕಿದಳು. ಚಿಕ್ಕವಳಿದ್ದಾಗ ನಿಮ್ಮ ಪಕ್ಕ ಇಂಜಿನ್ ಡಬ್ಬದ ಮೇಲೆ ಕೂತು ಕಲಿತದ್ದು ಅವಳ ರಕ್ತದಲ್ಲೇ ಇದೆ ನೋಡಿ: ಎದುರಿನವನು ಲೈಟು ಹೊಡೆದರೆ 'ನಾನು ಬಂದೆ, ನೀನು ಸರಿ' ಎಂದು ಅರ್ಥ. ಲಾರಿಯವನು ನಿಂತೇ ಇದ್ದ. ಮತ್ತೆ ಮಿಂಚಿಸಿದ. ಇವಳು ಇನ್ನೂ ಹೆದರಿ ಒಂದು ಮಾರು ಹಿಂದಕ್ಕೆ ಬಂದಳು. ಅವನು ಮತ್ತೆ ಮಿಂಚಿಸಿದ. ಅವನ ಹಿಂದೆ ಕಾರುಗಳ ಸಾಲೇ ನಿಂತಿತು, ಒಬ್ಬರೂ ಹಾರ್ನ್ ಹೊಡೆಯಲಿಲ್ಲ, ಏಕೆಂದರೆ ಇಲ್ಲಿ ಹಾರ್ನ್ ಹೊಡೆಯುವುದೆಂದರೆ ಬಾಯಿಗೆ ಬಂದಂತೆ ಬೈದ ಲೆಕ್ಕ.

ನಾನು ಸುಮ್ಮನಿರಲೇ? ಗಾಜು ಇಳಿಸಿ ಶುರು ಮಾಡಿದೆ. 'ಯಾವನೋ ನೀನು, ನಡುರಸ್ತೇಲಿ ಗಾಡಿ ನಿಲ್ಸಿ ಹೆಣ್ಮಕ್ಳಿಗೆ ಕಣ್ಣು ಹೊಡೀತೀಯಾ? ಅಕ್ಕ ತಂಗೀರಿಲ್ವಾ ನಿಂಗೆ? ಹೋಗೋ ಅತ್ಲಾಗೆ!' ಎಂದು ಕೈ ಬೀಸಿದೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯ್ತುಂಬ ನಗುತ್ತಾ, ತಾನೂ ಕೈ ಬೀಸಿ ಏನೋ ಕೂಗಿದ. ಹಿಂದಿನ ಸೀಟಿನಲ್ಲಿ ಅನುಷ್ಕಾ ನಾಚಿಕೆಯಿಂದ ಅರ್ಧ ಕೆಳಗೆ ಜಾರಿದ್ದಳು. 'ಅಜ್ಜೀ, ಸ್ಟಾಪ್! ಹೀ ಈಸ್ ಜಸ್ಟ್ ಬೀಯಿಂಗ್ ನೈಸ್!' ಎಂದು ಅರಚಿದಳು. ಆಮೇಲೆ ತನ್ನ ಮುರುಕು ಕನ್ನಡದಲ್ಲಿ ಬಿಡಿಸಿ ಹೇಳಿದಳು: ಇಲ್ಲಿ ಲೈಟು ಹೊಡೆದರೆ 'ನಾನು ನಿಂತಿದ್ದೇನೆ, ನೀವು ಮೊದಲು ಹೋಗಿ' ಎಂದು ಅರ್ಥವಂತೆ. ಮತ್ತೆ ಅವನು ಕೂಗಿದ್ದೇನು ಎಂದರೆ, 'ಅರ್ಜೆಂಟ್ ಇಲ್ಲ ಲೇಡೀಸ್, ನಿಮ್ಮಂಥೋರಿಗೆ ಎಷ್ಟು ಹೊತ್ತಾದ್ರೂ ಕಾಯ್ಬೋದು' ಎಂದಂತೆ. ಮೆಲ್ಲಗೆ ಗಾಜು ಏರಿಸಿಕೊಂಡೆ. ಈ ವಯಸ್ಸಿನಲ್ಲಿ, ಬಾಯಿಗೆ ಬಂದಂತೆ ಬೈಸಿಕೊಂಡ ಮೇಲೂ, ಒಬ್ಬ ಗಂಡಸು ನನಗಾಗಿ ಕಾಯುತ್ತೇನೆ ಎನ್ನುವುದೇ! ನಮ್ಮ ಸಂಸಾರದಲ್ಲಿ ನಾನು ಸೀರೆ ಉಟ್ಟು ಬರುವಷ್ಟು ಹೊತ್ತೂ ನೀವು ಬಾಗಿಲಲ್ಲಿ ಗೊಣಗದೆ ಕಾದವರಲ್ಲ. ಕಾದದ್ದು ಇದ್ದರೆ ಮದುವೆಗೆ ಮುಂಚೆ.

ಆಮೇಲೆ ನಾನು ಕಣ್ಣು ಬಿಟ್ಟು ನೋಡತೊಡಗಿದೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ನಾಲ್ಕು ರಸ್ತೆ ಕೂಡುತ್ತವೆ. ಪೊಲೀಸಿಲ್ಲ, ಸಿಗ್ನಲ್ ಇಲ್ಲ, ನಾಲ್ಕೂ ಕಡೆ ಒಂದೊಂದು ಕೆಂಪು ಹಲಗೆ, ಅಷ್ಟೆ. ಎಲ್ಲರೂ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೆ ಬಂದರೋ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಬೀಗರು ನೀವು ಕೂತ್ಕೊಳ್ಳಿ, ಇಲ್ಲ ನೀವು ಕೂತ್ಕೊಳ್ಳಿ ಎನ್ನುವ ಹಾಗೆ ಕೈಸನ್ನೆ ನಡೆಯುತ್ತದೆ. ನಿಮ್ಮನ್ನು ಅಲ್ಲಿ ತಂದು ಬಿಟ್ಟರೆ ನಾಲ್ಕೂ ರಸ್ತೆ ನಿಮ್ಮವೇ ಎಂದುಕೊಂಡು ನುಗ್ಗುತ್ತಿದ್ದಿರಿ.

ಆ ಕೂಡು ರಸ್ತೆಗೆ ದಿನಾ ನಮ್ಮ ಹೊತ್ತಿಗೇ ಎದುರಿನಿಂದ ಬ್ರೆಡ್ಡು ಹಂಚುವ ಒಂದು ವ್ಯಾನು ಬರುತ್ತಿತ್ತು. ಓಡಿಸುವವನು ಗೋಧಿ ಬಣ್ಣ, ಪೊದೆ ಮೀಸೆ, ತಲೆಗೆ ಟೋಪಿ, ವಯಸ್ಸು ಸುಮಾರು ಐವತ್ತು. ಯಾವ ದೇಶದವನೋ ಯಾವ ಜಾತಿಯವನೋ ದೇವರಿಗೇ ಗೊತ್ತು. ನಮ್ಮ ಕಾರು ಕಂಡರೆ ಸಾಕು, ತಾನು ಮೊದಲು ಬಂದಿದ್ದರೂ ನಿಂತುಬಿಡುವನು. ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತಿ, ಹೋಗಿ ಎನ್ನುವನು. ಸರೋಜಿನಿ ಕೈ ಎತ್ತಿ ಥ್ಯಾಂಕ್ಸ್ ಎನ್ನುವಳು. ಮೊದಲ ವಾರ ನಾನು 'ಯಾರೇ ಅವನು?' ಎಂದು ಕೇಳಿದೆ. 'ಯಾರೋ ಏನೋ, ಇಲ್ಲಿ ಹಂಗೇ ಕಣಮ್ಮಾ' ಎಂದಳು. ನನಗೆ ಸಮಾಧಾನವಾಗಲಿಲ್ಲ. ಮುದುಕರ ಹಾಲ್‌ನಲ್ಲಿ ನನ್ನ ಜೊತೆ ಕೂರುವ ಗದಗಿನ ಚನ್ನಬಸಮ್ಮನವರ ಹತ್ತಿರ ಹೇಳಿಕೊಂಡೆ. ಅವರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. 'ಅಯ್ಯ ನಮ್ಮವ್ವ, ಎರಡು ಬೆರಳ ಎತ್ತಿದ್ರ ನಿಮ್ಮ ಮಗಳ ಗಂಟೇನು ಹೋತು? ಗಾಜು ಅದ, ಬಾಗಲಾ ಅದ, ನಡುವ ರಸ್ತೆ ಅದ. ಇಷ್ಟ್ ದೂರ ನಿಂತು ಮರ್ಯಾದಿ ಕೊಡೋ ಗಂಡಸು ನಮ್ಮೂರಾಗ ಎಲ್ಲಿ ಸಿಗತಾನ್ರಿ?' ಎಂದರು. ಆ ಮಾತು ನನಗೆ ನಾಟಿತು.

ಮಾರ್ಚಿನ ಒಂದು ಬೆಳಿಗ್ಗೆ ವ್ಯಾನಿನವನೂ ಇವಳೂ ಒಟ್ಟಿಗೇ ಬಂದರು. ಅವನು ಬೆರಳೆತ್ತಿದ. ಏನನ್ನಿಸಿತೋ, ಸರೋಜಿನಿ ಕೈ ಮುಂದೆ ಚಾಚಿ, ಇವತ್ತು ನೀನು ಹೋಗು ಎಂದಳು. ಅವನು ತಲೆ ಅಲ್ಲಾಡಿಸಿದ. ಇವಳೂ ಅಲ್ಲಾಡಿಸಿದಳು. ಆಗ ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಸೋತೆ ತಾಯಿ ಎನ್ನುವ ಹಾಗೆ ಸ್ಟೀರಿಂಗಿಗೆ ಹಣೆ ಮುಟ್ಟಿಸಿ, ನಾಟಕದ ರಾಜನ ಹಾಗೆ ದಾಟಿಹೋದ. ನಿಮ್ಮ ಮಗಳು ನಕ್ಕಳು ರೀ. ಹಲ್ಲೆಲ್ಲ ಕಾಣುವ ಹಾಗೆ, ಭುಜ ಕುಣಿಸಿಕೊಂಡು ನಕ್ಕಳು. ಸುಧಾಕರ ಹೋದ ಮೇಲೆ ಆ ನಗುವನ್ನು ನಾನು ಕಂಡಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. ಗಾಜು ಒರೆಸುವವಳ ಹಾಗೆ ಆ ಕಡೆ ತಿರುಗಿ ಸೆರಗಿನಿಂದ ಒರೆಸಿಕೊಂಡೆ. ಅವತ್ತಿನಿಂದ ಅವಳು ಹೊರಡುವ ಮುಂಚೆ ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುವುದನ್ನು ನೋಡಿದೆ. ನೋಡಿಯೂ ಒಂದು ಮಾತು ಆಡಲಿಲ್ಲ. ನನ್ನ ನಾಲಿಗೆ ನನ್ನ ಮಾತು ಕೇಳಿದ್ದು ಅದೇ ಮೊದಲಿರಬೇಕು. ಓಡಿಸುವುದೂ ಬದಲಾಯಿತು. ಈಗ ತಲೆಯ ಮೇಲೆ ಕೊಡ ಇಲ್ಲ. ಒಂದು ಕೈಯಲ್ಲಿ ತಿರುಗಿಸುತ್ತಾಳೆ, ಬಾಯಲ್ಲಿ ಏನೋ ಗುನುಗುತ್ತಾಳೆ.

ಏಪ್ರಿಲ್‌ನಲ್ಲಿ ರಸ್ತೆ ಖಾಲಿಯಾಗತೊಡಗಿತು. 'ಒಳ್ಳೇದಾಯ್ತು ಬಿಡು, ಗಾಡಿ ಕಡಿಮೆ' ಎಂದೆ. ಸರೋಜಿನಿ, 'ಹಂಗನ್ಬೇಡಮ್ಮಾ, ಅಷ್ಟು ಜನದ ಕೆಲಸ ಹೋಗಿದೆ ಅಂತ ಅರ್ಥ' ಎಂದಳು. ಅವಳ ಲ್ಯಾಬಿನಲ್ಲೂ ಎಷ್ಟೋ ಕುರ್ಚಿ ಖಾಲಿ, ಇವಳದು ಉಳಿದಿದೆ. ಒಂದು ಸೋಮವಾರ ಬ್ರೆಡ್ಡಿನ ವ್ಯಾನೂ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ವಾರ ಕಳೆಯಿತು. ಕೂಡು ರಸ್ತೆಯಲ್ಲಿ ನಾಲ್ಕೂ ಕಡೆ ಯಾರೂ ಇಲ್ಲದಿದ್ದರೂ ಸರೋಜಿನಿ ನಿಲ್ಲಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ನಾನೂ ಎದುರಿನ ರಸ್ತೆಯನ್ನೇ ನೋಡುತ್ತಿದ್ದೆ. ಹೆಸರು ಗೊತ್ತಿಲ್ಲ, ಮಾತಾಡಿಸಿದ್ದಿಲ್ಲ, ಆದರೂ ಅವನ ಮನೆಯಲ್ಲಿ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂಬ ಚಿಂತೆ ನಮ್ಮಿಬ್ಬರಿಗೂ. ಯಾರನ್ನು ಕೇಳುವುದು? ಮೀಸೆಯವನು ಎಲ್ಲಿ ಎಂದು ರಸ್ತೆಯನ್ನು ಕೇಳಲಾಗುತ್ತದೆಯೇ?

ಮೊನ್ನೆ ಗುರುವಾರ ಎದುರಿನಿಂದ ಬಣ್ಣ ಮಾಸಿದ ಹಳೆಯ ನೀಲಿ ಕಾರೊಂದು ಬಂದು ನಿಂತಿತು. ಒಳಗಿದ್ದವನಿಗೆ ಟೋಪಿ ಇಲ್ಲ, ಮೈಮೇಲೆ ಗಾರೆ ಕೆಲಸದವರು ಹಾಕುವಂಥ ಅಂಗಿ. ನಾವು ಗುರುತಿಸಲೇ ಇಲ್ಲ. ಸ್ಟೀರಿಂಗ್ ಮೇಲೆ ಎರಡು ಬೆರಳು ಎದ್ದವು. ಅವನೇ! ಬೇರೆ ಕೆಲಸ ಸಿಕ್ಕಿರಬೇಕು, ಮುಖದಲ್ಲಿ ಅದೇ ನಗು. ಸರೋಜಿನಿ ಏನು ಮಾಡಿದಳು ಗೊತ್ತೇ? ಕೈ ಎತ್ತಲಿಲ್ಲ. ಅಂಗೈ ಒತ್ತಿ ಹಾರ್ನ್ ಹೊಡೆದಳು. ಉದ್ದಕ್ಕೆ, ಊರೆಲ್ಲ ಕೇಳುವ ಹಾಗೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬಾಕೆ ಬೆಚ್ಚಿ ನಿಂತಳು. ಅವನೂ ಅಷ್ಟೇ ಉದ್ದಕ್ಕೆ ಹೊಡೆದ. ಬೈಗುಳದ ಹಾರ್ನು ಇಷ್ಟು ಮುದ್ದಾಗಿ ಕೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ನಿಮಗೆ ಸಿಟ್ಟು ಬರುತ್ತಿದೆ, ಗೊತ್ತು. ಸ್ವಲ್ಪ ನಿಲ್ಲಿ. ಬೆಣ್ಣೆಯ ಗಡಿಗೆ ಹಿಡಿದು ಸಂತೆಗೆ ಹೊರಟ ಒಂದು ಹುಡುಗಿಗಾಗಿ ತಿರುವಿನಾಚೆಯಿಂದಲೇ ಹಾರ್ನ್ ಹೊಡೆದು, ಅವಳು ಓಡಿ ಬರುವ ತನಕ ತುಂಬಿದ ಬಸ್ಸನ್ನು ಕಟ್ಟೆಯ ಹತ್ತಿರ ನಿಲ್ಲಿಸಿಕೊಳ್ಳುತ್ತಿದ್ದ ಡ್ರೈವರ್ ಯಾರು? 'ಆ ಡ್ರೈವರಿಗೆ ಹಾರ್ನ್ ಮೇಲೆ ಕೈ ನಿಲ್ಲಲ್ಲ' ಎಂದು ನಮ್ಮವ್ವ ಬೈದದ್ದು ಯಾರನ್ನು? ಮುಂದಿನ ಸೀಟಿಗೆ ಟವೆಲ್ ಹಾಕಿಟ್ಟು, ಟಿಕೆಟ್ ಕೊಡುವವನಿಗೂ ಕೂರಲು ಬಿಡದೆ ಇದ್ದದ್ದು ಯಾರು? ಒಂದು ದಿನವೂ ಕೈ ಮುಟ್ಟಲಿಲ್ಲ, ಕೆಟ್ಟ ಮಾತು ಆಡಲಿಲ್ಲ, ಕಾದಿರಿ, ಅಷ್ಟೆ. ಆ ಕಾಯುವುದರಲ್ಲೇ ನಾನೂ ಲೆಕ್ಕಕ್ಕೆ ಬರುವ ಒಬ್ಬಳು ಎಂದು ನನಗೆ ಗೊತ್ತಾದದ್ದು. ಇದನ್ನು ನಿಮ್ಮೆದುರು ಯಾವತ್ತೂ ಹೇಳಿರಲಿಲ್ಲ, ಹೇಳಿದ್ದರೆ ಮೀಸೆಯ ಮೇಲೆ ಕೈ ಹಾಕಿಕೊಂಡು ತಿರುಗುತ್ತಿದ್ದಿರಿ.

ನನ್ನ ಮಗಳನ್ನು ಈ ಪರದೇಶದ ರಸ್ತೆ ಸಾಕಿತು. ಲೈಟು ಮಿಂಚಿಸಿದ ಲಾರಿಯವನು, ಎರಡು ಬೆರಳಿನವನು, ಸಂದಿ ಮಾಡಿ ದಾರಿ ಬಿಟ್ಟ ಇನ್ನೆಷ್ಟೋ ಜನ. ಅವರ ಹೆಸರಿನಲ್ಲಿ ಸೋಮವಾರ ಒಂದು ಪೂಜೆ ಮಾಡಿಸಿ ಎಂದು ಬರೆಯಬೇಕೆಂದಿದ್ದೆ. ಹೆಸರೇ ಗೊತ್ತಿಲ್ಲದವರಿಗೆ ಪೂಜಾರಿ ಏನೆಂದು ಹೇಳಿಯಾನು? ನೀವೇ ಕೈ ಮುಗಿಯಿರಿ, ಸಾಕು.

ಈಶಣ್ಣ, ಗುರುಸಿದ್ದಮ್ಮ, ಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸಿ. ಪಕ್ಕದ ಮನೆಯ ಸಿದ್ದಲಿಂಗಯ್ಯನವರಿಗೆ ಶರಣು ಹೇಳಿ, ಎರವಲು ಒಯ್ದ ಏಣಿ ವಾಪಸ್ ಕೊಡಲು ಹೇಳಿ. ಬೀಡಿ ಕಡಿಮೆ ಮಾಡಿ. ಮಾತ್ರೆ ತಪ್ಪಿಸಬೇಡಿ.

ಇಂತಿ, ನಿಮ್ಮ ಬಸ್ಸಿನ ಮುಂದಿನ ಸೀಟಿನವಳು
ಶಿವಗಂಗಮ್ಮ

ತಾ.ಕ.: ಬರೆಯಬೇಕಾದ್ದನ್ನೇ ಬಿಟ್ಟಿದ್ದೆ, ಸರೋಜಿನಿ ಸ್ನಾನ ಮುಗಿಸಿ ಬರುವುದರೊಳಗೆ ಬರೆದುಬಿಡುತ್ತೇನೆ. ಗುರುವಾರ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ತಿರುಗದೆಯೇ, 'ಅಮ್ಮಾ, ನಂಗೆ ಊರಿಗೆ ಬರೋಕೆ ಇಷ್ಟ ಇಲ್ಲ. ಅಪ್ಪಂಗೆ ಹೇಳೋ ಧೈರ್ಯಾನೂ ಇಲ್ಲ' ಎಂದಳು. ಆ ಗಂಡಸಿಗಾಗಿ ಅಲ್ಲ, ತಪ್ಪು ತಿಳಿಯಬೇಡಿ. ಇಲ್ಲಿ ಅವಳು ತಾನೇ ಗಾಡಿ ತೆಗೆದು ತಾನೇ ಹೋಗಿ ಬರುತ್ತಾಳೆ. ಅಲ್ಲಿ ಮಹಡಿಯ ರೂಮಿನಲ್ಲಿ ಕೂರಿಸಿದರೆ ಬಂದವರೆಲ್ಲ ಅಯ್ಯೋ ಪಾಪ ಎಂದು ಕೊಂದುಬಿಡುತ್ತಾರೆ. ನೀವು ಅಲ್ಲಿರುವುದು ಬೇಡ ಎಂದರೆ ಅವಳು ಬಾಯಿ ಮುಚ್ಚಿಕೊಂಡು ಬರುತ್ತಾಳೆ, ಅದೇ ನನ್ನ ಹೆದರಿಕೆ. ಈ ಕಾಗದ ಸೇರಿದ ಮೇಲಿನ ಶನಿವಾರ ಸಂಜೆ ಫೋನ್ ಮಾಡಿ. ಈಶಣ್ಣನ ಕೈಯಲ್ಲಿ ಮಾಡಿಸಬೇಡಿ, ನೀವೇ ಮಾತಾಡಿ. 'ಅಲ್ಲೇ ಇರು ಮಗಳೇ' ಎನ್ನಿ, ಅಷ್ಟು ಸಾಕು. ಟಿಕೆಟ್ ನನಗೊಬ್ಬಳಿಗೆ ತೆಗೆಸಿ. ಅವಳು ಫೋನ್ ಹಿಡಿದಾಗ ನಾನು ಎದುರಿಗೇ ಕೂತು ಅವಳ ಮುಖ ನೋಡುತ್ತಿರುತ್ತೇನೆ. ನೀವು ಬೇರೆ ಏನಾದರೂ ಹೇಳಿದಿರೋ, ಆ ಒಂದು ಟಿಕೆಟ್ಟನ್ನೂ ತೆಗೆಸಬೇಡಿ.